ಗಾಜಿನ ಕಡಲಿಗೆ ಇದ್ದಲು, ಕೋಲಾರದ ಕೆರೆಗೆ ನೊರೆ

ಬೆಂಗಳೂರಿನ ಅನುಕೂಲಸ್ಥರ ಮನೆಗಳ ಹಜಾರಗಳಿಗೆ ಕಡಲು ಬಂದು ಕುಳಿತು ಹಲವು ವರ್ಷಗಳಾದವು. ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಬೆರೆಸಿದ ನೀರು, ನೀಲಿ ಬೆಳಕಿನ ಕೆಳಗೆ ಅರಳಿ ಮುದುಡುವ ಹವಳ, ಅದರ ಸಂದಿಯಲ್ಲಿ ನುಸುಳುವ ಬಣ್ಣದ ಮೀನು. ತೊಟ್ಟಿಯ ಕೆಳಗಿನ ಮರದ ಕಪಾಟನ್ನು ತೆರೆದರೆ ಇನ್ನೊಂದು ಲೋಕವೇ ಕಾಣುತ್ತದೆ. ನೀರನ್ನು ತಿರುಗಿಸುವ ಪಂಪು, ಗಾಳಿಯ ಗುಳ್ಳೆಗಳನ್ನು ಹಾಯಿಸಿ ನೊರೆ ಎಬ್ಬಿಸುವ ಕೊಳವೆ, ಕಪ್ಪು ಹರಳು ತುಂಬಿದ ಪಾತ್ರೆ. ಆ ಕಪ್ಪು ಹರಳೇ ಸಕ್ರಿಯ ಇದ್ದಲು. ಅಂಗಡಿಯ ಮಾತಿನಲ್ಲಿ ಆಕ್ಟಿವೇಟೆಡ್ ಕಾರ್ಬನ್. ಮೂರು ನಾಲ್ಕು ವಾರಕ್ಕೊಮ್ಮೆ ಅದನ್ನು ತೆಗೆದು ಹೊಸದನ್ನು ತುಂಬಬೇಕು. ಹವಳ ಸಾಕುವವನು ಶ್ರದ್ಧಾವಂತನಾಗಿದ್ದರೆ ಬದಲಿಸಿದ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡುತ್ತಾನೆ, ವಾರಕ್ಕೊಮ್ಮೆ ನೀರಿನ ಪರೀಕ್ಷೆ ಮಾಡುತ್ತಾನೆ, ನೈಟ್ರೇಟ್ ಎಷ್ಟು, ಫಾಸ್ಫೇಟ್ ಎಷ್ಟು ಎಂದು ಗುರುತು ಹಾಕುತ್ತಾನೆ. ಬೆರಳುದ್ದದ ಮೀನಿಗಾಗಿ ಇಷ್ಟೆಲ್ಲ ಕಾಳಜಿ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಜೀವವೊಂದನ್ನು ಗಾಜಿನೊಳಗೆ ಕೂಡಿಹಾಕಿದ ಮೇಲೆ ಅದರ ನೀರಿನ ಹೊಣೆ ಕೂಡಿಹಾಕಿದವನದೇ.

ಅದೇ ಮನೆಯ ಬಚ್ಚಲು, ಅಡುಗೆಮನೆ, ಶೌಚಾಲಯಗಳಿಂದ ಹೊರಟ ನೀರಿಗೂ ಒಂದು ಪಯಣವಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಣಾ ಘಟಕಗಳಲ್ಲಿ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರ್ ಪ್ರಮಾಣದಲ್ಲಿ ಕೋಲಾರದ ಬರಡು ಕೆರೆಗಳಿಗೆ ಏರಿಸುವುದೇ ಕೆ.ಸಿ. ವ್ಯಾಲಿ ಯೋಜನೆಯ ಗುರಿ. 2018ರ ಜೂನ್ ತಿಂಗಳಲ್ಲಿ ಮೊದಲ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಜನ ಪೂಜೆ ಮಾಡಿ ಬಾಗಿನ ಬಿಟ್ಟರು. ಜುಲೈಯಲ್ಲಿ ಅದೇ ನೀರಿನಲ್ಲಿ ಬಿಳಿಯ ನೊರೆ ಎದ್ದಿತು. ಬೆಳ್ಳಂದೂರು ಕೆರೆಯ ಕೋಡಿಯಿಂದ ಹಾರಿ ರಸ್ತೆಗೆ ಬೀಳುತ್ತಿದ್ದ ನೊರೆಯನ್ನು ದೂರದರ್ಶನದಲ್ಲಷ್ಟೇ ಕಂಡಿದ್ದ ಕೋಲಾರದವರು ಅದನ್ನು ತಮ್ಮೂರ ಏರಿಯ ಮೇಲೆ ನಿಂತು ನೋಡುವಂತಾಯಿತು. ನೀರು ನಿಂತಿತು, ಮತ್ತೆ ಹರಿಯಿತು. ಹೈಕೋರ್ಟು ಅದೇ ತಿಂಗಳು ತಡೆಯಾಜ್ಞೆ ಕೊಟ್ಟು ಅನಂತರ ತೆರವು ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ಒಮ್ಮೆ ತಡೆ ಬಿದ್ದು, ಮತ್ತೆ ತೆರವಾಯಿತು.

ಇಲ್ಲಿ ಒಂದು ವ್ಯಂಗ್ಯವನ್ನು ಓದುಗರು ಗಮನಿಸಬೇಕು. ಹವಳದ ತೊಟ್ಟಿಯಲ್ಲಿ ನೊರೆಯನ್ನು ಬೇಕೆಂದೇ ಎಬ್ಬಿಸುತ್ತಾರೆ. ನೀರಿನಲ್ಲಿ ಕರಗಿದ ಕೊಳೆ ಗುಳ್ಳೆಯ ಮೈಗೆ ಅಂಟಿಕೊಂಡು ಮೇಲೆ ಬರುತ್ತದೆ, ಬಟ್ಟಲಿನಲ್ಲಿ ಸೇರುತ್ತದೆ, ಅದನ್ನು ತೆಗೆದು ಚೆಲ್ಲುತ್ತಾರೆ. ಅಲ್ಲಿ ನೊರೆ ಎಂದರೆ ಕೊಳೆ ಹೊರಗೆ ಹೋಗುವ ದಾರಿ. ಕೋಲಾರಕ್ಕೆ ಬಂದದ್ದು ಹೊರಗೆ ಹೋಗದೆ ಉಳಿದ ಕೊಳೆಯ ನೊರೆ.

ವಾದಕ್ಕೆ ಇಳಿಯುವ ಮೊದಲು ಈ ಇದ್ದಲು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಸ್ಪಷ್ಟವಾಗಬೇಕು. ಅದರ ಹೆಸರಿನಲ್ಲಿ ನಡೆಯುವ ವ್ಯಾಪಾರವೂ ದೊಡ್ಡದು, ಅದನ್ನು ಬೇಡವೆನ್ನುವ ಸರ್ಕಾರಿ ಸಮಜಾಯಿಷಿಯೂ ದೊಡ್ಡದು.

ತೆಂಗಿನ ಕರಟವನ್ನು ಗಾಳಿ ಕಡಿಮೆಯಿರುವಲ್ಲಿ ಸುಟ್ಟರೆ ಇದ್ದಲಾಗುತ್ತದೆ. ಆ ಇದ್ದಲಿನ ಮೇಲೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರಿನ ಆವಿಯನ್ನು ಹಾಯಿಸಿದರೆ ಅದರ ಒಳಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರಗಳಾಗಿ ತೆರೆದುಕೊಳ್ಳುತ್ತದೆ. ಹೀಗೆ ತೆರೆದುಕೊಂಡ ಒಂದು ಗ್ರಾಂ ಇದ್ದಲಿನ ಒಳಮೈಯ ವಿಸ್ತಾರ ಸುಮಾರು 1000 ಚದರ ಮೀಟರ್. ರೈತರ ಲೆಕ್ಕದಲ್ಲಿ ಹೇಳುವುದಾದರೆ ಚಿಟಿಕೆ ಇದ್ದಲಿನೊಳಗೆ ಹತ್ತು ಗುಂಟೆ ಜಮೀನು. ಕೊಳೆಯ ಅಣುಗಳು ಬಂದು ಅಂಟಿಕೊಳ್ಳುವುದು ಈ ಜಮೀನಿನ ಮೇಲೆ. ಸ್ಪಂಜಿನಂತೆ ಹೀರುವುದಲ್ಲ, ಮೈಗೆ ಹಿಡಿದುಕೊಳ್ಳುವುದು. ಜಮೀನು ತುಂಬಿದ ಮೇಲೆ ಹೊಸಬರಿಗೆ ಜಾಗವಿಲ್ಲ. ಇನ್ನೂ ಗಟ್ಟಿಯಾಗಿ ಅಂಟುವ ಅಣು ಬಂದರೆ ಮೊದಲು ಕುಳಿತದ್ದು ಎದ್ದು ಮತ್ತೆ ನೀರಿಗೆ ಬೀಳುವುದೂ ಉಂಟು. ತುಂಬಿದ ಇದ್ದಲಿಗೂ ಹೊಸ ಇದ್ದಲಿಗೂ ಕಣ್ಣಿಗೆ ಯಾವ ಭೇದವೂ ಇಲ್ಲ. ಎರಡೂ ಕಪ್ಪು.

ಯಾವ ಅಣು ಅಂಟುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಸಸ್ಯ ಮತ್ತು ಪ್ರಾಣಿಗಳ ಕೊಳೆತದಿಂದ ಬಂದ ಬಣ್ಣ, ವಾಸನೆ, ಕ್ಲೋರಿನ್, ಹಲವು ಕೀಟನಾಶಕಗಳು, ಹಲವು ಔಷಧಗಳ ಶೇಷ, ಮಾರ್ಜಕಗಳ ನೊರೆಕಾರಕ ಅಂಶ ಇವುಗಳನ್ನು ಇದ್ದಲು ಹಿಡಿಯುತ್ತದೆ. ಉಪ್ಪನ್ನು ಹಿಡಿಯುವುದಿಲ್ಲ. ಸೋಡಿಯಂ, ನೈಟ್ರೇಟ್, ಅಮೋನಿಯ ಯಾವುದೂ ಅದಕ್ಕೆ ಲೆಕ್ಕಕ್ಕೆ ಬರುವಷ್ಟು ಅಂಟುವುದಿಲ್ಲ. ಫ್ಲೋರೈಡಿನ ವಿಷಯದಲ್ಲಿಯೂ ಕರಟದ ಇದ್ದಲು ಬಹುಮಟ್ಟಿಗೆ ನಿರುಪಯೋಗಿ. ಫ್ಲೋರೈಡಿಗೆ ಸಕ್ರಿಯ ಅಲ್ಯೂಮಿನ ಬೇಕು, ಮೂಳೆಯ ಇದ್ದಲು ಬೇಕು, ಇಲ್ಲವೆ ಆರ್.ಓ. ಪೊರೆ ಬೇಕು.

ಹವಳ ಸಾಕುವವರು ಇದನ್ನು ಕೈಸುಟ್ಟುಕೊಂಡು ಕಲಿತವರು. ತೊಟ್ಟಿಯ ನೀರು ತಿಂಗಳು ಕಳೆದಂತೆ ತಿಳಿಹಳದಿ ಬಣ್ಣಕ್ಕೆ ತಿರುಗುತ್ತದೆ. ಆ ಹಳದಿ ಹವಳಕ್ಕೆ ಬೇಕಾದ ನೀಲಿ ಬೆಳಕನ್ನು ನುಂಗುತ್ತದೆ. ಮೃದುಹವಳಗಳು ನೆರೆಯ ಹವಳವನ್ನು ಹಿಮ್ಮೆಟ್ಟಿಸಲು ನೀರಿಗೆ ವಿಷಕಾರಿ ಸಂಯುಕ್ತಗಳನ್ನು ಬಿಡುತ್ತವೆ. ವಿಶಾಲ ಕಡಲಿನಲ್ಲಿ ಅವು ತೆಳುವಾಗಿ ಹೋಗುತ್ತವೆ, ಗಾಜಿನೊಳಗೆ ಹೋಗಲು ದಾರಿಯಿಲ್ಲ. ಈ ಎರಡಕ್ಕೂ ಇದ್ದಲು ಒಳ್ಳೆಯ ಮದ್ದು. ಆದರೆ ಹಳೆಯ ಹಳದಿ ನೀರಿಗೆ ಒಮ್ಮೆಲೇ ರಾಶಿ ಇದ್ದಲು ಸುರಿದರೆ ನೀರು ಒಂದೆರಡು ದಿನಗಳಲ್ಲಿ ತಿಳಿಯಾಗಿ, ಹಠಾತ್ತನೆ ಬೆಳಕು ಹೆಚ್ಚಿ, ಹವಳವೇ ಬಿಳಿಚಿಕೊಳ್ಳಬಹುದು. ಕೆಲವು ಅಗ್ಗದ ಇದ್ದಲುಗಳು ತಾವೇ ಫಾಸ್ಫೇಟ್ ಬಿಡುತ್ತವೆ. ಅಮೆರಿಕದ ಟೊಲೆಡೊ ಮೃಗಾಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಲಿಗ್ನೈಟ್ ಇದ್ದಲನ್ನು ಬಳಸಿದ ತೊಟ್ಟಿಯ ಸರ್ಜನ್ ಮೀನುಗಳಿಗೆ ತಲೆ ಮತ್ತು ಪಕ್ಕೆಯ ಚರ್ಮ ಸವೆಯುವ ರೋಗ ಬಂದದ್ದು ದಾಖಲಾಗಿದೆ. ಅಂದರೆ ಇದ್ದಲು ಮಂತ್ರದ ಬೂದಿಯಲ್ಲ. ಯಾವ ಕಚ್ಚಾವಸ್ತುವಿನದು, ಎಷ್ಟು, ಎಷ್ಟು ಕಾಲ, ಯಾವ ಕೊಳೆಗೆ ಎಂದು ಕೇಳಿದವರಿಗೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಮನೆಯ ಹವ್ಯಾಸಿಯೊಬ್ಬ ಕೇಳುವ ಈ ನಾಲ್ಕು ಪ್ರಶ್ನೆಗಳನ್ನು ಕೋಲಾರ ಜಿಲ್ಲೆಯ ನೀರಿನ ವಿಷಯದಲ್ಲಿ ಹೊಣೆಯಿರುವವರು ಗಟ್ಟಿಯಾಗಿ ಕೇಳಿಕೊಂಡಿಲ್ಲ ಎಂಬುದೇ ಇಲ್ಲಿನ ಆಕ್ಷೇಪ.

ಹವಳದ ಮಾತು ಬಂದಿದ್ದರಿಂದ ಒಂದು ಮಾತನ್ನು ಸೇರಿಸಲೇಬೇಕು. ಭಾರತದ ಕಡಲಿನ ಬಂಡೆಹವಳ, ಕರಿಹವಳ, ಕಡಲಬೀಸಣಿಗೆಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮ ರಾಜ್ಯದ್ದೇ ಹವಳವಿದೆ. ಅಲ್ಲಿಂದ ಒಂದು ತುಂಡು ಮುರಿದು ತಂದು ಹಜಾರದಲ್ಲಿ ಇಟ್ಟುಕೊಳ್ಳುವುದು ಅಪರಾಧ, ಎಷ್ಟೇ ಒಳ್ಳೆಯ ಇದ್ದಲು ಹಾಕಿ ಸಾಕಿದರೂ ಅಪರಾಧವೇ. ಈ ಲೇಖನ ಆ ಹವ್ಯಾಸದ ಸಮರ್ಥನೆಯಲ್ಲ.

ಈಗ ನಂಗಲಿಗೆ ಬರೋಣ. ಮೈಸೂರು ಪ್ರಸ್ಥಭೂಮಿ ಮುಗಿದು ನೆಲ ಆಂಧ್ರದ ಕಡೆಗೆ ಇಳಿಯತೊಡಗುವ ಅಂಚಿನ ಊರು ಅದು. ಹೊಯ್ಸಳ ವಿಷ್ಣುವರ್ಧನನ ಬಿರುದಾವಳಿಯಲ್ಲಿ ತಲಕಾಡು, ಕೊಂಗುಗಳ ಜೊತೆಗೆ ಈ ಹೆಸರೂ ಸೇರಿದೆ. ರಾಜ್ಯದ ಮೂಡಣ ಗಡಿಯೆಂದು ಶಾಸನಗಳು ಹೆಸರಿಸುವುದು ನಂಗಲಿಯನ್ನೇ. ಇಂದು ಬೆಂಗಳೂರು–ಚೆನ್ನೈ ಹೆದ್ದಾರಿ ಅದರ ಮಗ್ಗುಲಲ್ಲೇ ಹಾದುಹೋಗುತ್ತದೆ. ಮುಳಬಾಗಿಲು ತಾಲ್ಲೂಕಿನ ಉಳಿದ ಕಡೆಗಳಂತೆ ಇಲ್ಲಿಯೂ ಕೆರೆಯ ನೀರಿನ ಕಾಲ ಮುಗಿದು ಕೊಳವೆಬಾವಿಯ ಕಾಲ ಬಂತು. ಟೊಮೆಟೊ, ಹಿಪ್ಪುನೇರಳೆ, ಹಸುವಿನ ಮೇವು ಎಲ್ಲವೂ ಆಳದ ನೀರನ್ನೇ ನಂಬಿದವು. ಕೊಳವೆಬಾವಿ ಗ್ರಾನೈಟಿನ ಬಿರುಕುಗಳಲ್ಲಿ ಕೆಳಗಿಳಿದಷ್ಟೂ ನೀರು ಬಂಡೆಯೊಡನೆ ಹೆಚ್ಚು ಕಾಲ ಕಳೆದಿರುತ್ತದೆ, ಫ್ಲೋರೈಡನ್ನು ಹೊತ್ತು ತರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲವೆಂದಾದರೆ 1.5ರವರೆಗೆ ಸಹಿಸಬಹುದು. ಕೋಲಾರ ಜಿಲ್ಲೆಯ ಮಕ್ಕಳ ಹಲ್ಲಿನ ಮೇಲಿನ ಕಂದುಪಟ್ಟೆ ಈ ಮಿತಿಯನ್ನು ದಾಟಿದ ನೀರಿನ ಗುರುತು.

ಇದಕ್ಕೆ ಪರಿಹಾರವೆಂದು ಬಂದದ್ದು ಊರೂರಿನ ಶುದ್ಧ ಕುಡಿಯುವ ನೀರಿನ ಘಟಕ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಗಾಜಿನ ಕಿಟಕಿಯಿಂದ ಒಳಗೆ ನೋಡಿದರೆ ಸಾಲಾಗಿ ಮೂರು ಉದ್ದ ಸಿಲಿಂಡರು: ಮೊದಲಿನದರಲ್ಲಿ ಮರಳು, ಎರಡನೆಯದರಲ್ಲಿ ಇದ್ದಲು, ಅದರಾಚೆ ಆರ್.ಓ. ಪೊರೆ. ಹಳ್ಳಿಯ ಜನರಿಗೆ ಯಾರೂ ಹೇಳದ ಸಂಗತಿಯೆಂದರೆ ಆ ಎರಡನೆಯ ಸಿಲಿಂಡರು ಇರುವುದು ಅವರಿಗಾಗಿ ಅಲ್ಲ, ಪೊರೆಗಾಗಿ. ಕ್ಲೋರಿನ್ ತಾಗಿದರೆ ಪೊರೆ ಹಾಳಾಗುತ್ತದೆ, ಅದನ್ನು ತಡೆಯಲು ಇದ್ದಲು. ಫ್ಲೋರೈಡನ್ನು ತಡೆಯುವುದು ಪೊರೆ ಮಾತ್ರ. ಪೊರೆ ಕೆಟ್ಟು, ಅದನ್ನು ಬದಲಿಸುವ ಗುತ್ತಿಗೆದಾರ ಬಾರದೆ, ನೀರು ಅಡ್ಡದಾರಿಯಲ್ಲಿ ಮರಳು ಮತ್ತು ಇದ್ದಲನ್ನಷ್ಟೇ ದಾಟಿ ಬಂದರೂ ಕ್ಯಾನಿನಲ್ಲಿ ನೀರು ತಿಳಿಯಾಗಿಯೇ ಇರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಫ್ಲೋರೈಡು ಮಾತ್ರ ಬಂದಷ್ಟೇ ಇದೆ. ರುಚಿಯಲ್ಲಿ ಚೂರು ಉಪ್ಪು ಹೆಚ್ಚಿದ್ದರೆ ಜನ ‘ಇವತ್ತು ಬೋರು ನೀರು ಬಿಟ್ಟವ್ರೆ’ ಎಂದು ಗೊಣಗಿ ಹೋಗುತ್ತಾರೆ. ತಿಳಿನೀರು ಕೊಡುವ ಈ ಸುಳ್ಳು ಭರವಸೆ ಮಸುಕು ನೀರಿಗಿಂತ ಅಪಾಯಕಾರಿ. ಮಸುಕು ನೀರನ್ನು ತಾಯಂದಿರು ಮಕ್ಕಳಿಗೆ ಕೊಡುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಕ್ಲೋರಿನ್ ಹಿಡಿದು ನಿಂತ, ಕೊಳೆ ಅಂಟಿದ, ಕತ್ತಲೆಯಲ್ಲಿ ಒದ್ದೆಯಾಗಿರುವ ಇದ್ದಲಿನ ಹಾಸು ಸೂಕ್ಷ್ಮಜೀವಿಗಳಿಗೆ ಹೇಳಿಮಾಡಿಸಿದ ತವರು. ವಾರಗಟ್ಟಲೆ ವಿದ್ಯುತ್ತಿಲ್ಲದೆ ನಿಂತ ಘಟಕವನ್ನು ಮತ್ತೆ ಚಾಲೂ ಮಾಡಿದ ದಿನ ಮೊದಲ ನೀರನ್ನು ಚೆಲ್ಲಬೇಕು. ಇದನ್ನು ಘಟಕದ ಕಾವಲುಗಾರನಿಗೆ ತಿಳಿಸುವ ಕೆಲಸ ಯಾರದು? ಹವಳ ಸಾಕುವವನು ಮೂರು ವಾರಕ್ಕೆ ಬದಲಿಸುವ ಇದ್ದಲನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಿದ್ದೀರಿ ಎಂದು ಯಾವುದೇ ಪಂಚಾಯಿತಿಯಲ್ಲಿ ಕೇಳಿ ನೋಡಬಹುದು. ಇದ್ದಲಿನ ಗುಣವನ್ನು ಅಳೆಯಲು ಅಯೋಡಿನ್ ಸಂಖ್ಯೆ ಎಂಬ ಸರಳ ಪರೀಕ್ಷೆಯಿದೆ. ಒಂದು ಗ್ರಾಂ ಇದ್ದಲು ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಎಂಬ ಲೆಕ್ಕ. ಒಳ್ಳೆಯ ಕರಟದ ಇದ್ದಲು 1000ದ ಆಸುಪಾಸಿನಲ್ಲಿ ನಿಲ್ಲುತ್ತದೆ. ತಾಲ್ಲೂಕು ಕೇಂದ್ರದ ಯಾವುದೇ ವಿಜ್ಞಾನ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬಹುದಾದ ಪರೀಕ್ಷೆ ಅದು.

ಪೊರೆ ತಡೆದ ಫ್ಲೋರೈಡು ಎಲ್ಲಿಗೆ ಹೋಗುತ್ತದೆ? ಅರ್ಧ ನೀರು ಕ್ಯಾನಿಗೆ ಹೋದರೆ ಉಳಿದರ್ಧ ಹೆಚ್ಚುಕಡಿಮೆ ಎರಡು ಪಟ್ಟು ಲವಣ ಹೊತ್ತು ಹೊರಬೀಳುತ್ತದೆ. ಘಟಕದ ಹಿಂದಿನ ಚರಂಡಿ, ಚರಂಡಿಯಿಂದ ಹಳ್ಳ, ಹಳ್ಳದಿಂದ ಕೆರೆ, ಕೆರೆಯಿಂದ ಮತ್ತೆ ಅದೇ ಅಂತರ್ಜಲ. ಸುತ್ತು ಪೂರ್ಣವಾಯಿತು.

ಈ ಅಂತರ್ಜಲದ ಮೇಲೆ ಬೆಂಗಳೂರಿನ ನೀರು ಬಂದು ನಿಂತಿದೆ. ನ್ಯಾಯವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡಬೇಕು. ನೀರು ನಿಂತ ಕೆರೆಗಳ ಸುತ್ತ ಬತ್ತಿದ ಕೊಳವೆಬಾವಿಗಳು ಮತ್ತೆ ಉಸಿರಾಡಿದವು. ಅಂತರ್ಜಲ ಮೇಲೆ ಬಂದದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳೂ ದಾಖಲಿಸಿವೆ. ಸಾವಿರ ಅಡಿ ಕೊರೆದೂ ಧೂಳು ಕಂಡ ರೈತನಿಗೆ ಇದು ಸಣ್ಣ ಮಾತಲ್ಲ. ಅವನ ಎದುರು ನಿಂತು ನೀರು ಬೇಡವೆನ್ನುವ ಹಕ್ಕು ನಲ್ಲಿನೀರು ಕುಡಿಯುವ ಯಾವ ಪರಿಸರವಾದಿಗೂ ಇಲ್ಲ. ವಾದ ನೀರು ಬೇಕೋ ಬೇಡವೋ ಎಂಬುದಲ್ಲ. ಎಂಥ ನೀರು ಎಂಬುದು.

ಸರ್ಕಾರದ ಸಮಜಾಯಿಷಿ ಮೊದಲಿನಿಂದಲೂ ಒಂದೇ. ಈ ನೀರು ಕುಡಿಯಲಿಕ್ಕಲ್ಲ, ಕೆರೆಯಿಂದ ನೇರವಾಗಿ ಎತ್ತಿ ಬೆಳೆಗೆ ಹಾಯಿಸಲಿಕ್ಕೂ ಅಲ್ಲ, ಅಂತರ್ಜಲ ಮರುಪೂರಣಕ್ಕೆ ಮಾತ್ರ. ಆದ್ದರಿಂದ ಎರಡನೇ ಹಂತದ ಸಂಸ್ಕರಣೆ ಸಾಕು. ಕೇಳಲು ತರ್ಕಬದ್ಧವಾಗಿದೆ. ಆದರೆ ಕೋಲಾರದ ಹಳ್ಳಿಗಳು ಕುಡಿಯುವುದು ಏನನ್ನು? ಅಂತರ್ಜಲವನ್ನೇ ಅಲ್ಲವೆ? ಕೆರೆಯ ನೀರು ಕುಡಿಯಬೇಡಿ, ಅದು ಇಂಗಿ ಬಂದ ಮೇಲೆ ಕುಡಿಯಿರಿ ಎನ್ನುವುದರಲ್ಲಿ ಸಂಸ್ಕರಣೆಯ ಮೂರನೇ ಹಂತವನ್ನು ಕೋಲಾರದ ಮಣ್ಣಿಗೆ, ಬಂಡೆಗೆ, ಸಂಬಳವಿಲ್ಲದೆ ಒಪ್ಪಿಸಲಾಗಿದೆ.

ಮಣ್ಣು ಆ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಇಂಗುವ ದಾರಿಯಲ್ಲಿ ರೋಗಾಣುಗಳು ಸಾಯುತ್ತವೆ, ಕೊಳೆಯುವ ಅಂಶಗಳು ಕೊಳೆತು ಮುಗಿಯುತ್ತವೆ. ಆದರೆ ಕೋಲಾರದ ಮಣ್ಣಿನ ಪದರ ತೆಳು. ಅದರ ಕೆಳಗೆ ಶಿಥಿಲ ಬಂಡೆ, ಅದರ ಕೆಳಗೆ ಬಿರುಕು ಬಿಟ್ಟ ಗಟ್ಟಿಬಂಡೆ. ಬಿರುಕು ಸಿಕ್ಕ ನೀರು ಸೋಸಿಕೊಳ್ಳಲು ಪುರಸೊತ್ತಿಲ್ಲದೆ ಓಡುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೈನ್‌ನಂಥ ಔಷಧ ಸಾಧಾರಣ ಸಂಸ್ಕರಣಾ ಘಟಕದಲ್ಲಿಯೂ ಕರಗುವುದಿಲ್ಲ, ಮಣ್ಣಿನಲ್ಲಿ ಇಂಗಿಸಿದರೂ ಬಹುಪಾಲು ಉಳಿಯುತ್ತದೆ ಎಂಬುದು ಇಸ್ರೇಲ್, ಜರ್ಮನಿಗಳ ಅನುಭವ. ಇದ್ದಲಿನ ಹಾಸು ಅದನ್ನು ಹಿಡಿಯುತ್ತದೆ. ಒಂದು ಕೋಟಿಗೂ ಮಿಕ್ಕ ಜನರಿರುವ ನಗರ ನುಂಗುವ ಮಾತ್ರೆಗಳ ಶೇಷವೆಲ್ಲ ಕೊನೆಗೆ ಆ ಮೋರಿಯಲ್ಲೇ ಸೇರುತ್ತದೆ.

ಇದು ಅತಿಯಾದ ಬೇಡಿಕೆಯೆ? ನಮೀಬಿಯದ ರಾಜಧಾನಿ ವಿಂಡ್‌ಹುಕ್ ಕೋಲಾರಕ್ಕಿಂತ ಒಣಗಿದ ಸೀಮೆ. 1968ರಿಂದ ಆ ನಗರ ತನ್ನ ಬಳಸಿದ ನೀರನ್ನೇ ಶುದ್ಧಗೊಳಿಸಿ ಕುಡಿಯುತ್ತಿದೆ. 2002ರಲ್ಲಿ ಕಟ್ಟಿದ ಅಲ್ಲಿನ ಹೊಸ ಘಟಕದಲ್ಲಿ ನೀರು ಓಝೋನ್ ದಾಟಿ, ಎರಡು ಬಗೆಯ ಇದ್ದಲಿನ ಹಾಸು ದಾಟಿ, ಪೊರೆ ದಾಟಿ ನಲ್ಲಿಗೆ ಬರುತ್ತದೆ. ಸ್ವಿಟ್ಸರ್ಲೆಂಡ್ 2016ರಲ್ಲಿ ಜಾರಿಗೆ ತಂದ ಕಾನೂನಿನಂತೆ ಅಲ್ಲಿನ ಸುಮಾರು 100 ಚರಂಡಿನೀರಿನ ಘಟಕಗಳು ಓಝೋನ್ ಅಥವಾ ಸಕ್ರಿಯ ಇದ್ದಲಿನ ಹೆಚ್ಚುವರಿ ಹಂತವನ್ನು ಅಳವಡಿಸಿಕೊಳ್ಳಬೇಕು. ಆ ದೇಶ ರೈನ್ ನದಿಯ ಮೇಲ್ದಂಡೆಯಲ್ಲಿದೆ; ಕೆಳಗೆ ಜರ್ಮನಿ, ನೆದರ್ಲೆಂಡ್‌ಗಳ ಜನ ಅದೇ ನೀರಿನಿಂದ ಕುಡಿಯುತ್ತಾರೆ ಎಂಬ ಪ್ರಜ್ಞೆ ಆ ಕಾನೂನಿನ ಹಿಂದಿದೆ. ಬೆಂಗಳೂರು ಮೇಲ್ದಂಡೆಯೆಂದಾದರೆ ಕೋಲಾರ ಕೆಳದಂಡೆ. ಇಲ್ಲಿ ನೀರು ತಾನಾಗಿ ಹರಿದು ಬರುವುದಿಲ್ಲ, ವಿದ್ಯುತ್ ಸುಟ್ಟು ಪಂಪಿನಿಂದ ತಳ್ಳಲಾಗುತ್ತದೆ ಎಂಬುದಷ್ಟೇ ವ್ಯತ್ಯಾಸ. ನೀರನ್ನು ಕೋಲಾರಕ್ಕೆ ಕಳುಹಿಸಬೇಕೆಂದು ಯಾರೋ ನಿರ್ಧರಿಸಿದ್ದಾರೆ. ನಿರ್ಧರಿಸಿದವರಿಗೆ ಅದರ ಗುಣದ ಹೊಣೆಯೂ ಇದೆ.

ಹಾಗೆಂದು ಇದ್ದಲು ಹಾಕಿಬಿಟ್ಟರೆ ಎಲ್ಲ ಮುಗಿಯಿತೆಂದು ಹೊರಡುವ ಚಳವಳಿಗಾರರಿಗೂ ಒಂದು ಮಾತು. ಎರಡನೇ ಹಂತವೇ ಅರೆಬರೆಯಾಗಿ ನಡೆದ ನೀರನ್ನು ಇದ್ದಲಿನ ಮೇಲೆ ಬಿಟ್ಟರೆ ಆ ಹತ್ತು ಗುಂಟೆಯ ಜಮೀನು ಕೆಲವೇ ದಿನಗಳಲ್ಲಿ ಸಾಧಾರಣ ಕೊಳೆಯಿಂದಲೇ ತುಂಬಿಹೋಗುತ್ತದೆ, ಔಷಧದ ಶೇಷಕ್ಕೆ ಜಾಗವೇ ಉಳಿಯುವುದಿಲ್ಲ. ಮೊದಲು ಸಾರಜನಕ, ರಂಜಕ ಇಳಿಯಬೇಕು, ಆಮೇಲೆ ಮರಳಿನ ಸೋಸು, ಆಮೇಲೆ ಇದ್ದಲು. ಕೆರೆಗಳಲ್ಲಿ ಹಸಿರು ಪಾಚಿ, ಅಂತರಗಂಗೆ ಸೊಪ್ಪು ಹಬ್ಬುವುದು ರಂಜಕ ಮತ್ತು ಸಾರಜನಕದಿಂದ. ಇದ್ದಲಿಗೆ ಅದರಲ್ಲಿ ಪಾತ್ರವಿಲ್ಲ. ಕೋಲಾರದ ಫ್ಲೋರೈಡೂ ಬೆಂಗಳೂರಿನಿಂದ ಬಂದದ್ದಲ್ಲ, ಅದು ಇಲ್ಲಿನ ಬಂಡೆಯದು. ಎರಡು ರೋಗವನ್ನು ಒಂದೇ ಮಾಡಿಕೊಂಡರೆ ಎರಡಕ್ಕೂ ಮದ್ದು ಸಿಗುವುದಿಲ್ಲ.

ಮತ್ತೆ ಸೋಡಿಯಂ. ಇದರ ಬಗ್ಗೆ ಮಾತನಾಡುವವರೇ ಕಡಿಮೆ, ಮಣ್ಣಿಗೆ ಮಾತ್ರ ಇದರ ನೆನಪು ಬಹುಕಾಲ ಉಳಿಯುತ್ತದೆ. ಹವಳದ ತೊಟ್ಟಿಯ ಲೆಕ್ಕವನ್ನೇ ನೋಡೋಣ. 400 ಲೀಟರಿನ ತೊಟ್ಟಿಯಲ್ಲಿ ಹತ್ತನೇ ಒಂದು ಪಾಲು ನೀರನ್ನು ಎರಡು ವಾರಕ್ಕೊಮ್ಮೆ ಬದಲಿಸಿದರೆ ಪ್ರತಿ ಸಲ 40 ಲೀಟರ್ ಕಡಲನೀರು, ಅಂದರೆ ಸುಮಾರು 1.4 ಕಿಲೋ ಉಪ್ಪು, ಮೋರಿಗೆ ಹೋಗುತ್ತದೆ. ಹವಳ ಸಾಕುವ ಮನೆಗಳು ನಗರದಲ್ಲಿ ಬೆರಳೆಣಿಕೆಯವು, ಆ ಉಪ್ಪು ನಗಣ್ಯ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗಳಲ್ಲಿ ಗಡಸು ನೀರನ್ನು ಮೆದುಗೊಳಿಸುವ ಯಂತ್ರಗಳಿವೆ. ಅವಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯುತ್ತಾರೆ. ಕ್ಯಾಲ್ಸಿಯಂ ಹೋಗಿ ಸೋಡಿಯಂ ಬರುತ್ತದೆ, ತೊಳೆದ ಉಪ್ಪುನೀರು ಮೋರಿಗೆ. ಸಾಬೂನಿನ ಪುಡಿಯಲ್ಲಿ ಸೋಡಿಯಂ, ಅಡುಗೆಯಲ್ಲಿ ಸೋಡಿಯಂ. ಸಂಸ್ಕರಣಾ ಘಟಕದ ಸೂಕ್ಷ್ಮಜೀವಿ ಅದನ್ನು ಮುಟ್ಟುವುದಿಲ್ಲ, ಇದ್ದಲು ಮುಟ್ಟುವುದಿಲ್ಲ, ಅದು ಸೀದಾ ಕೋಲಾರಕ್ಕೆ ಬರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಎದುರು ಸೋಡಿಯಂನ ಪ್ರಮಾಣ ಏರಿದ ನೀರನ್ನು ವರ್ಷಗಟ್ಟಲೆ ಹಾಯಿಸಿದರೆ ಮಣ್ಣಿನ ಕಣಗಳ ಹಿಡಿತ ಸಡಿಲುತ್ತದೆ. ಮಳೆ ಬಂದಾಗ ಮೇಲ್ಪದರ ಕೆಸರಾಗಿ, ಒಣಗಿದಾಗ ಹೆಪ್ಪುಗಟ್ಟಿ, ಬೀಜ ಮೊಳೆಯದ ತಟ್ಟೆಯಾಗುತ್ತದೆ. ಕೆರೆಯಲ್ಲಿ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಬೇಸಗೆ ಕಳೆದಂತೆ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತ ಹೋಗುತ್ತದೆ. ಆದ್ದರಿಂದ ಸೋಡಿಯಂ ಅನುಪಾತವನ್ನು ಪ್ರತಿ ಕೆರೆಯಲ್ಲಿ, ಪ್ರತಿ ಕೆರೆಯ ಕೆಳಗಿನ ಅಚ್ಚುಕಟ್ಟಿನ ಮಣ್ಣಿನಲ್ಲಿ ಮುಂಗಾರಿಗೆ ಮೊದಲು ಮತ್ತು ಅನಂತರ ಅಳೆದು, ಅಂಕಿಗಳನ್ನು ಆಯಾ ಪಂಚಾಯಿತಿಯ ಗೋಡೆಯ ಮೇಲೆ ಬರೆಯಬೇಕು. ಈ ಉಪ್ಪಿಗೆ ಮದ್ದಿರುವುದು ಬೆಂಗಳೂರಿನ ನೆಲಮಾಳಿಗೆಯಲ್ಲಿ.

ದುಡ್ಡಿನ ಮಾತು ಬಂದೇ ಬರುತ್ತದೆ. ಮೂರನೇ ಹಂತದ ಸಂಸ್ಕರಣೆ ದುಬಾರಿ ಎನ್ನುವವರು ಎತ್ತಿನಹೊಳೆಯ ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಸಕಲೇಶಪುರದ ಘಟ್ಟದ ಹಳ್ಳಗಳಿಂದ 24 ಟಿ.ಎಂ.ಸಿ. ನೀರನ್ನು ಕೋಲಾರದತ್ತ ತಿರುಗಿಸುವುದಾಗಿ ಹೇಳಿದ ಆ ಯೋಜನೆಯ ಅಂದಾಜು ವೆಚ್ಚ ಪರಿಷ್ಕರಣೆಯಾಗುತ್ತ 23 ಸಾವಿರ ಕೋಟಿ ರೂಪಾಯಿಯನ್ನು ದಾಟಿತು. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಗೊಂಡಿತು. ಅಷ್ಟರಲ್ಲಿ ಎಷ್ಟು ಶೋಲಾ ಕಾಡು, ಎಷ್ಟು ಹಳ್ಳದ ದಂಡೆ ಅಗೆದುಹೋಯಿತೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಇತ್ತ ದಿನಕ್ಕೆ 440 ದಶಲಕ್ಷ ಲೀಟರ್ ಎಂದರೆ ವರ್ಷಕ್ಕೆ ಐದೂವರೆ ಟಿ.ಎಂ.ಸಿ.ಗೂ ಹೆಚ್ಚು, ಮಳೆ ಬಂದರೂ ಬಾರದಿದ್ದರೂ ನಿಲ್ಲದ ಹೊಳೆ. ಈ ಹೊಳೆಯನ್ನು ನಂಬಿಕೆಗೆ ಅರ್ಹವಾಗುವಂತೆ ಶುದ್ಧಗೊಳಿಸಿದ್ದರೆ ಘಟ್ಟದ ಹೊಳೆಯ ಮೇಲೆ ಕಣ್ಣು ಹಾಕಲು ನೆಪವೆಷ್ಟು ಉಳಿಯುತ್ತಿತ್ತು? ಕೋಲಾರದ ರೈತನನ್ನೂ ಮಲೆನಾಡಿನ ರೈತನನ್ನೂ ಎದುರುಬದುರು ನಿಲ್ಲಿಸಿ ಒಬ್ಬರನ್ನೊಬ್ಬರು ಶಪಿಸುವಂತೆ ಮಾಡಿದವರು ಈ ಪ್ರಶ್ನೆಗೆ ಉತ್ತರಿಸಬೇಕಾಗಿದೆ. ಇಬ್ಬರ ಜಗಳದಲ್ಲಿ ಮೋರಿಯ ಯಜಮಾನ ಮಾತ್ರ ಲೆಕ್ಕಕ್ಕೆ ಸಿಗದೆ ಉಳಿದ.

ಇದ್ದಲೂ ಮೇಲಿಂದ ಬೀಳುವುದಿಲ್ಲ. ತಿಪಟೂರು, ಅರಸೀಕೆರೆ ಸೀಮೆಯ ಕೊಬ್ಬರಿಯಿಂದ ಉಳಿದ ಕರಟ ಸುಡುವ ಗುಂಡಿಗಳಿಗೆ ಹೋಗುತ್ತದೆ. ತೆರೆದ ಗುಂಡಿಯಲ್ಲಿ ಸುಟ್ಟರೆ ಸುತ್ತಲ ಹಳ್ಳಿಗಳಿಗೆ ದಟ್ಟ ಹೊಗೆ, ಆರಿಸಲು ಸುರಿದ ನೀರು ಕಪ್ಪಾಗಿ ಬಾವಿಗೆ ಇಳಿಯುತ್ತದೆ. ಹೊಗೆಯನ್ನೇ ಉರಿಸಿ ಬಿಸಿ ಮಾಡಿಕೊಳ್ಳುವ ಮುಚ್ಚಿದ ಒಲೆಗಳಿವೆ, ಅವು ಬಳಕೆಗೆ ಬರಬೇಕು. ಕೋಲಾರದ ನೀರು ತಿಳಿಯಾಗಲು ತುಮಕೂರಿನ ಗಾಳಿ ಕಪ್ಪಾಗಬೇಕೆಂದು ಯಾರೂ ಕೇಳುತ್ತಿಲ್ಲ. ಬಳಸಿದ ಇದ್ದಲನ್ನು ಮತ್ತೆ ಕಾಯಿಸಿ ಹೊಸದಾಗಿಸಬಹುದು. ದೊಡ್ಡ ಘಟಕಗಳಲ್ಲಿ ಹಾಗೆಯೇ ಮಾಡುತ್ತಾರೆ. ಹವ್ಯಾಸಿಯ ಹಿಡಿ ಇದ್ದಲು ಕಸದ ಬುಟ್ಟಿಗೆ ಹೋಗುತ್ತದೆ, ನಗರದ ಟನ್ನುಗಟ್ಟಲೆ ಇದ್ದಲು ಹಾಗೆ ಹೋಗಬೇಕಾಗಿಲ್ಲ.

ಇಷ್ಟೆಲ್ಲ ಆಗಲು ಕಾಲ ಬೇಕು, ಹಣ ಬೇಕು, ವಿಧಾನಸೌಧದ ಮನಸ್ಸು ಬೇಕು. ನಂಗಲಿ ಸೀಮೆಯ ಹಳ್ಳಿಗಳಲ್ಲಿ ಬರುವ ಗ್ರಾಮಸಭೆಯಲ್ಲೇ ಆಗಬಹುದಾದದ್ದೂ ಒಂದಿದೆ. ಪ್ರತಿ ಶುದ್ಧ ಕುಡಿಯುವ ನೀರಿನ ಘಟಕದ ಬಾಗಿಲಿನ ಮೇಲೆ ನಾಲ್ಕು ಸಾಲಿನ ಜಾಗ ಬಿಡಿಸಬೇಕು: ಇದ್ದಲು ಬದಲಿಸಿದ ದಿನ, ಪೊರೆ ಬದಲಿಸಿದ ದಿನ, ಒಳಗೆ ಬರುವ ನೀರಿನ ಫ್ಲೋರೈಡ್, ಹೊರಗೆ ಹೋಗುವ ನೀರಿನ ಫ್ಲೋರೈಡ್. ಕೊನೆಯ ಎರಡು ಅಂಕಿ ಒಂದೇ ಆದ ದಿನ ನಾಣ್ಯದ ಪೆಟ್ಟಿಗೆಗೆ ಬೀಗ ಹಾಕಿ, ಪೊರೆ ಬರುವ ತನಕ ಪಂಚಾಯಿತಿಯೇ ಬೇರೆ ಮೂಲದ ನೀರನ್ನು ಟ್ಯಾಂಕರಿನಲ್ಲಿ ತರಿಸಬೇಕು. ಬರೆಯಲು ಬೇಕಾದ ಸೀಮೆಸುಣ್ಣ ಊರ ಶಾಲೆಯಲ್ಲಿಯೇ ಇದೆ.